ವೈದ್ಯಶೋಧನೆಯೂ ನಮ್ಮ ಮನೆತನಗಳೂ

(ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಎದ್ದು ನಿಂತರೆಂದರೆ ಪರೀಕ್ಷೆಯ ಫಲಿತಾಂಶ, ಹಾಜರಿ, ಕಟ್ಟಡದ ನಿಧಿ ಇವುಗಳ ಮಾತು ಬರುವುದು ರೂಢಿ. ಆ ವಿಷಯಗಳೆಲ್ಲವೂ ವರದಿಯಲ್ಲಿ ಅಚ್ಚಾಗಿವೆ, ಬಿಡುವಾದಾಗ ಓದಿಕೊಳ್ಳಬಹುದು. ಈ ದಿನ ನಾವು ಮನೆಗಳಲ್ಲಿ ಪಿಸುಮಾತಿನಲ್ಲಿ ಮಾತ್ರ ಆಡುವ ಒಂದು ವಿಷಯವನ್ನು ಎಲ್ಲರ ಎದುರಿಗೆ ಎತ್ತಬೇಕೆಂದು ನಿಶ್ಚಯಿಸಿದ್ದೇವೆ. ಮಕ್ಕಳಾಗದಿರುವುದು, ಆದ ಬಸಿರು ನಿಲ್ಲದೆ ಹೋಗುವುದು, ಸಕ್ಕರೆ ಬೇನೆಯವರ ಹೃದಯವು ಸದ್ದಿಲ್ಲದೆ ಸೋಲುವುದು, ಇವು ಮೂರೂ ನಮ್ಮ ಕಡೆ ಬೇರೆ ಬೇರೆ ದುಃಖಗಳೆಂದು ಎಣಿಸಲ್ಪಟ್ಟಿವೆ. ಮೊದಲನೆಯದು ಸೊಸೆಯ ಪಾಪ, ಎರಡನೆಯದು ದೃಷ್ಟಿದೋಷ, ಮೂರನೆಯದು ಹಣೆಬರಹ. ವೈದ್ಯಶಾಸ್ತ್ರವು ಕಳೆದ ಐವತ್ತು ವರ್ಷಗಳಲ್ಲಿ ನಡೆಸಿದ ಶೋಧನೆಗಳನ್ನು ನೋಡಿದರೆ ಈ ಮೂರಕ್ಕೂ ನಡುವೆ ಹಾಯ್ದಿರುವ ಎಳೆಗಳು ಕಾಣುತ್ತವೆ.

ನಾವು ವೈದ್ಯರಲ್ಲ, ಬಿ.ಎ., ಬಿ.ಟಿ. ಮಾಡಿ ಮೇಷ್ಟರಾದವರು. ಓದಿ ತಿಳಿದುದನ್ನು ತಿಳಿಯಾಗಿ ಹೇಳುವುದಷ್ಟೇ ನಮ್ಮ ಕೆಲಸ. ಮೇಲ್ತರಗತಿಯ ಮಕ್ಕಳನ್ನು ಈ ಹೊತ್ತು ಮೈದಾನಕ್ಕೆ ಕಳುಹಿಸಬಾರದೇ ಎಂದು ಕೆಲವು ಹಿರಿಯರು ಕೇಳಿದರು. ಬೇಡವೆಂದೆವು. ಪ್ರಜನನದ ಪಾಠವು ಇವರ ವಿಜ್ಞಾನ ಪುಸ್ತಕದಲ್ಲಿಯೇ ಇದೆ. ಹತ್ತನೆಯ ತರಗತಿಯ ಮಕ್ಕಳು ಇನ್ನು ಹತ್ತು ವರ್ಷಗಳಲ್ಲಿ ತಾವೇ ಸಂಸಾರಿಗಳಾಗುವವರು. ಆಗ ಅವರಿಗೆ ಹೇಳುವವರು ಯಾರು?

ಮೊದಲು ಸಂತಾನದ ಮಾತು. ಮದುವೆಯಾಗಿ ಎರಡು ವರ್ಷ ಕಳೆದು ತೊಟ್ಟಿಲು ಕಟ್ಟದಿದ್ದರೆ ನಮ್ಮ ಕಡೆ ಹರಕೆ ಹೊರುವವಳು ಹೆಂಗಸು, ಉಪವಾಸ ಮಾಡುವವಳು ಹೆಂಗಸು, ದವಾಖಾನೆಯಿಂದ ದವಾಖಾನೆಗೆ ಅಲೆದು ಸೂಜಿ ಚುಚ್ಚಿಸಿಕೊಳ್ಳುವವಳೂ ಹೆಂಗಸು. ಇಷ್ಟಾದರೂ ಆಗದಿದ್ದರೆ ಎರಡನೆಯ ಮದುವೆಯ ಮಾತು ಏಳುತ್ತದೆ. ನಮ್ಮ ನುಡಿಯಲ್ಲಿ ಬಂಜೆ ಎಂಬ ಪದವಿದೆ. ಅದಕ್ಕೆ ಸರಿಹೊಂದುವ ಗಂಡುಪದವು ಬಳಕೆಯಲ್ಲಿಲ್ಲ. ಇದನ್ನು ವ್ಯಾಕರಣದ ತರಗತಿಯಲ್ಲಿ ಯೋಚಿಸಿ ನೋಡಬಹುದು. ನಿಜಸ್ಥಿತಿಯಾದರೋ ಹೀಗಿದೆ: ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಸಿನ ಕಡೆಯ ಕಾರಣವು ಒಂಟಿಯಾಗಿಯಾಗಲಿ ಹೆಣ್ಣಿನ ಕಡೆಯ ಕಾರಣದೊಡನೆ ಕೂಡಿಯಾಗಲಿ ಇರುತ್ತದೆ. ಜಗತ್ತಿನಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಬಾಳಿನ ಒಂದಲ್ಲ ಒಂದು ಕಾಲದಲ್ಲಿ ಈ ತೊಂದರೆಯನ್ನು ಕಾಣುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದೆ.

ನಮ್ಮ ರಾಜಧಾನಿಯಾದ ಹೈದರಾಬಾದಿನಲ್ಲಿಯೇ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರವೆಂಬ ದೊಡ್ಡ ಶೋಧನಾಲಯವಿದೆ. ಜನರು ಅದನ್ನು ಸಿ.ಸಿ.ಎಂ.ಬಿ. ಎನ್ನುತ್ತಾರೆ. ಅಲ್ಲಿಯ ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಮುಂತಾದ ವಿಜ್ಞಾನಿಗಳು ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದ ೩೪೦ ಮಂದಿ ಗಂಡಸರನ್ನು ಪರೀಕ್ಷಿಸಿ, ಅವರಲ್ಲಿ ೨೯ ಮಂದಿಯ ವೈ ವರ್ಣತಂತುವಿನಲ್ಲಿ ಸಣ್ಣ ಸಣ್ಣ ತುಂಡುಗಳು ಬಿಟ್ಟುಹೋಗಿರುವುದನ್ನು ಕಂಡು, ೨೦೦೩ರಲ್ಲಿ ಪ್ರಕಟಿಸಿದರು. ವೈ ವರ್ಣತಂತುವೆಂದರೆ ತಂದೆಯಿಂದ ಮಗನಿಗೆ ಮಾತ್ರ ಇಳಿದುಬರುವ ಆಸ್ತಿ. ಈ ಗಂಡಸರು ಗಟ್ಟಿಮುಟ್ಟಾದ ದೇಹದವರು, ದುಡಿಯುವವರು, ಸಂಸಾರಕ್ಕೆ ಯೋಗ್ಯರು. ಪುರುಷತ್ವ ಬೇರೆ, ವೀರ್ಯಾಣುಗಳ ಎಣಿಕೆ ಬೇರೆ. ಈ ಎರಡನ್ನೂ ಒಂದೆಂದು ಭಾವಿಸಿರುವುದರಿಂದಲೇ ಗಂಡಸರು ಪರೀಕ್ಷೆಗೆ ಅಂಜುತ್ತಾರೆ.

ಪರೀಕ್ಷೆಯೋ ಬಲು ಸುಲಭವಾದುದು. ಎರಡರಿಂದ ಏಳು ದಿನಗಳ ಸಂಯಮದ ತರುವಾಯ ಒಂದು ಮಾದರಿಯನ್ನು ಕೊಟ್ಟರೆ ಸೂಕ್ಷ್ಮದರ್ಶಕದ ಕೆಳಗೆ ಎಣಿಸಿ ಹೇಳುತ್ತಾರೆ. ಹೆಂಗಸಿಗೆ ಮಾಡುವ ಪರೀಕ್ಷೆಗಳ ಖರ್ಚಿನ ಮುಂದೆ ಇದು ಅಲ್ಪ, ನೋವಂತೂ ಇಲ್ಲವೇ ಇಲ್ಲ. ಆದುದರಿಂದ ಇದು ಮೊದಲು ಆಗಬೇಕಾದ ಪರೀಕ್ಷೆ. ನಮ್ಮಲ್ಲಿ ಇದು ಕಟ್ಟಕಡೆಗೆ ಬರುತ್ತದೆ, ಎಷ್ಟೋ ಮನೆಗಳಲ್ಲಿ ಬರುವುದೇ ಇಲ್ಲ. ಒಂದು ವೀರ್ಯಾಣುವು ಹುಟ್ಟಿ ಪಕ್ವವಾಗಲು ಎರಡೂವರೆ ತಿಂಗಳ ಮೇಲೆ ಹಿಡಿಯುತ್ತದೆ. ಅದರ ಉತ್ಪತ್ತಿಗೆ ದೇಹದ ಶಾಖಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಶಾಖವು ಬೇಕು. ಇಟ್ಟಿಗೆಯ ಭಟ್ಟಿಯ ಮುಂದೆ, ಬೇಕರಿಯ ಒಲೆಯ ಮುಂದೆ ದಿನವಿಡೀ ನಿಲ್ಲುವವರಿಗೂ, ತೀವ್ರ ಜ್ವರ ಬಂದು ಹೋದವರಿಗೂ ಎಣಿಕೆಯು ತಗ್ಗಬಹುದು. ತಂಬಾಕು, ಅತಿಯಾದ ಮದ್ಯ ಇವುಗಳೂ ಕೆಡಿಸುತ್ತವೆ. ಮೈಕಟ್ಟು ಬರಲೆಂದು ವ್ಯಾಯಾಮಶಾಲೆಗಳಲ್ಲಿ ಚುಚ್ಚಿಸಿಕೊಳ್ಳುವ ಹಾರ್ಮೋನಿನ ಮದ್ದು ವೀರ್ಯಾಣುಗಳ ಉತ್ಪತ್ತಿಯನ್ನೇ ನಿಲ್ಲಿಸಿಬಿಡಬಲ್ಲದು. ತರುಣರು ಇದನ್ನು ಚೆನ್ನಾಗಿ ನೆನಪಿಡತಕ್ಕದ್ದು. ಒಂದು ಸಲ ಎಣಿಕೆ ಕಡಿಮೆ ಬಂದ ಮಾತ್ರಕ್ಕೆ ಎದೆಗೆಡಬೇಕಾಗಿಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ನೋಡಿಸಬೇಕು.

ಇನ್ನೊಂದು ಮಾತು. ಪಾಲಮೂರಿನ ಕೂಲಿಯೆಂದರೆ ದೇಶಕ್ಕೆಲ್ಲ ಗೊತ್ತು. ಗಂಡನು ವರ್ಷದಲ್ಲಿ ಎಂಟು ತಿಂಗಳು ಮುಂಬಯಿಯಲ್ಲಿಯೋ ಪುಣೆಯಲ್ಲಿಯೋ ಕಟ್ಟಡದ ಕೆಲಸದಲ್ಲಿದ್ದು, ಹೆಂಡತಿಯು ಇಲ್ಲಿ ಅತ್ತೆಮಾವಂದಿರ ಹೊಲದಲ್ಲಿದ್ದರೆ, ಆಕೆಯನ್ನು ಬಂಜೆಯೆಂದು ಕರೆಯುವುದಕ್ಕೆ ಯಾವ ಶಾಸ್ತ್ರದ ಆಧಾರವಿದೆಯೋ ನಾವರಿಯೆವು.

ಗರ್ಭಸ್ರಾವದ ವಿಷಯಕ್ಕೆ ಬರೋಣ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ತಾನಾಗಿ ನಷ್ಟವಾಗುತ್ತವೆ. ಹೀಗಾದೊಡನೆ ಪಪ್ಪಾಯಿ ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳು, ಕೊಡ ಎತ್ತಿದಳು ಎಂದು ಪಟ್ಟಿ ಸಿದ್ಧವಾಗುತ್ತದೆ. ಮೊದಲ ಮೂರು ತಿಂಗಳೊಳಗಿನ ನಷ್ಟಗಳಲ್ಲಿ ಸುಮಾರು ಅರ್ಧಕ್ಕೆ ಕಾರಣವು ಭ್ರೂಣದ ವರ್ಣತಂತುಗಳ ಎಣಿಕೆ ತಪ್ಪಿರುವುದು. ಗದ್ವಾಲದ ಸೀರೆ ನೇಯುವವರ ಮನೆಯ ಮಕ್ಕಳು ಇಲ್ಲಿದ್ದಾರೆ. ಅವರಿಗೆ ಇದು ಬೇಗ ತಿಳಿಯುತ್ತದೆ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಕೂಡಿಸುವಾಗ ಎಳೆಗೆ ಎಳೆ ಲೆಕ್ಕ ಹೊಂದಬೇಕು. ತಾಯಿಯಿಂದ ೨೩, ತಂದೆಯಿಂದ ೨೩ ವರ್ಣತಂತುಗಳು ಬಂದು ಕೂಡುವಾಗಲೂ ಹಾಗೆಯೇ. ಲೆಕ್ಕ ತಪ್ಪಿದರೆ ಬಟ್ಟೆಯು ಮುಂದುವರಿಯದು. ಇದರಲ್ಲಿ ಕೊಡ ಎತ್ತಿದವಳ ತಪ್ಪೇನಿದೆ?

ಆದರೆ ಎರಡು ಸಲ ಅಥವಾ ಅದಕ್ಕಿಂತ ಹೆಚ್ಚು ಸಲ ಹೀಗಾದರೆ ಸುಮ್ಮನಿರಲಾಗದು, ಕಾರಣವನ್ನು ಹುಡುಕಿಸಬೇಕು. ಥೈರಾಯಿಡ್ ಗ್ರಂಥಿಯ ದೋಷ, ರಕ್ತವು ಹೆಪ್ಪುಗಟ್ಟುವ ಸ್ವಭಾವ, ಗರ್ಭಕೋಶದ ಆಕಾರ, ಹತೋಟಿಯಲ್ಲಿಲ್ಲದ ಮಧುಮೇಹ, ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆಯಿದೆ. ಇಲ್ಲಿಯೂ ತಂದೆಯ ಪಾಲಿದೆಯೆಂಬುದು ಈಚಿನ ಶೋಧನೆಗಳಿಂದ ತೋರುತ್ತಿರುವ ಸಂಗತಿ. ವೀರ್ಯಾಣುವಿನ ತಲೆಯಲ್ಲಿ ಸುತ್ತಿಟ್ಟಿರುವ ಡಿ.ಎನ್.ಎ. ಎಂಬ ನೂಲು ತುಂಡುತುಂಡಾಗಿದ್ದರೆ, ಎಣಿಕೆಯು ಸರಿಯಾಗಿದ್ದರೂ, ಬಸಿರು ನಷ್ಟವಾಗುವ ಸಂಭವವು ಹೆಚ್ಚು. ಅಂಡವು ತನ್ನ ಶಕ್ತಿಯಿಂದ ಆ ಹರಕನ್ನು ಸ್ವಲ್ಪಮಟ್ಟಿಗೆ ಹೊಲಿಯಬಲ್ಲದು. ಹರಕು ಮಿತಿಮೀರಿದರೆ ಅದಕ್ಕೂ ಅಸಾಧ್ಯ. ಕರ್ನಾಟಕದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಡಾ. ಸತೀಶ ಅಡಿಗರೂ ಅವರ ಸಹೋದ್ಯೋಗಿಗಳೂ ಇಂಥ ಹಾನಿಯು ಭ್ರೂಣದ ಬೆಳವಣಿಗೆಯನ್ನು ಹೇಗೆ ಬಾಧಿಸುತ್ತದೆಂಬುದನ್ನು ಬಹುಕಾಲದಿಂದ ಶೋಧಿಸುತ್ತ ಬಂದಿದ್ದಾರೆ. ದೂರದ ಐರ್ಲೆಂಡ್ ದ್ವೀಪದ ಬೆಲ್‌ಫಾಸ್ಟ್ ನಗರದವರು ೨೦೦೭ರಲ್ಲಿ ಪ್ರಕಟಿಸಿದ ಅಭ್ಯಾಸವೊಂದರಲ್ಲಿ ಮಧುಮೇಹವಿರುವ ಗಂಡಸರ ವೀರ್ಯಾಣುಗಳಲ್ಲಿ ಈ ಹರಕು ಇತರರಿಗಿಂತ ಬಹಳ ಹೆಚ್ಚಾಗಿತ್ತು. ಎಣಿಕೆ, ಚಲನೆ ಎಲ್ಲವೂ ಸರಿ. ಒಳಗಿನ ನೂಲು ಮಾತ್ರ ಹರಿದಿದೆ.

ಇಲ್ಲಿಗೆ ಸಕ್ಕರೆ ಬೇನೆಯು ನಮ್ಮ ಮಾತಿನೊಳಗೆ ಬಂದಂತಾಯಿತು. ಇದೇ ಬೇನೆಯು ಹೃದಯಕ್ಕೆ ಮಾಡುವುದೇನು? ರಕ್ತನಾಳಗಳು ಕಟ್ಟಿಕೊಂಡು ಹೃದಯಾಘಾತವಾಗುವುದು ಎಲ್ಲರಿಗೂ ಗೊತ್ತು. ೧೯೭೨ರಲ್ಲಿ ಅಮೆರಿಕದ ರೂಬ್ಲರ್ ಎಂಬ ವೈದ್ಯನೂ ಅವನ ಸಂಗಡಿಗರೂ ನಾಲ್ವರು ಮಧುಮೇಹಿಗಳ ಶವಪರೀಕ್ಷೆಯ ವಿವರವನ್ನು ಬರೆದರು. ನಾಲ್ವರೂ ಹೃದಯ ಸೋತು ಸತ್ತವರು; ಆದರೆ ಅವರ ರಕ್ತನಾಳಗಳಲ್ಲಿ ಅದಕ್ಕೆ ತಕ್ಕ ಅಡ್ಡಿಯು ಕಾಣಲಿಲ್ಲ. ಹೃದಯದ ಸ್ನಾಯುವೇ ಕೆಟ್ಟಿತ್ತು. ಎರಡು ವರ್ಷಗಳ ತರುವಾಯ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ೧೯೪೮ರಿಂದ ಸತತವಾಗಿ ಪರೀಕ್ಷಿಸುತ್ತ ಬಂದಿದ್ದ ವೈದ್ಯರು, ಮಧುಮೇಹವಿರುವ ಗಂಡಸರಲ್ಲಿ ಹೃದಯವು ಸೋಲುವ ಸಂಭವವು ಎರಡು ಪಟ್ಟಿಗಿಂತ ಹೆಚ್ಚು, ಹೆಂಗಸರಲ್ಲಿ ಐದು ಪಟ್ಟು ಎಂದು ತಿಳಿಸಿದರು. ಹೆಂಗಸರಲ್ಲಿ ಐದು ಪಟ್ಟು! ಮನೆಯವರೆಲ್ಲರೂ ಉಂಡ ಮೇಲೆ ಉಳಿದುದನ್ನು ಉಂಡು, ತನ್ನ ಆಯಾಸವನ್ನು ಯಾರಿಗೂ ಹೇಳದ ತಾಯಂದಿರು ಈ ಮಾತನ್ನು ಕೇಳಬೇಕು.

ಇದರ ಬಗೆ ಹೀಗೆ. ರಕ್ತದಲ್ಲಿ ಮಿಕ್ಕ ಸಕ್ಕರೆಯು ದೇಹದ ಸಸಾರಜನಕ ಪದಾರ್ಥಗಳಿಗೆ ಅಂಟಿಕೊಳ್ಳುತ್ತದೆ; ಹೃದಯದ ಗೋಡೆಯು ಬಿಗಿಯಾಗುತ್ತದೆ. ಬಿಗಿಯಾದ ಚೀಲದಲ್ಲಿ ನೀರು ತುಂಬದಂತೆ ಬಿಗಿಯಾದ ಹೃದಯದಲ್ಲಿ ರಕ್ತವು ತುಂಬಿಕೊಳ್ಳದು. ಒತ್ತಿ ಹೊರಹಾಕುವ ಶಕ್ತಿ ಇದ್ದರೂ ಒಳಗೆ ತುಂಬಿದ್ದೇ ಕಡಿಮೆ. ಮೆಟ್ಟಲೇರಿದರೆ ಏದುಸಿರು, ಸಂಜೆಗೆ ಪಾದದ ಬಾವು, ಮಲಗಿದರೆ ಉಸಿರಿಗೆ ತೊಡಕು, ಇವು ಅದರ ಚಿಹ್ನೆಗಳು. ನರಗಳು ಮಂದವಾಗಿರುವುದರಿಂದ ಕೆಲವು ಮಧುಮೇಹಿಗಳಿಗೆ ಹೃದಯಾಘಾತವಾದರೂ ಎದೆನೋವು ಬರುವುದಿಲ್ಲ. ಬೆವರು, ವಾಂತಿ, ಸುಸ್ತು ಇಷ್ಟೇ. ಅಜೀರ್ಣವೆಂದು ಓಮದ ನೀರು ಕುಡಿಸಿ ಮಲಗಿಸುವುದು ಇಂಥ ಸಮಯದಲ್ಲಿಯೇ. ಹೃದಯದ ಈ ಬಿಗಿತವನ್ನು ಎಕೋ ಎಂಬ ಪರೀಕ್ಷೆಯಿಂದ ಮೊದಲೇ ಕಾಣಬಹುದು. ಮಧುಮೇಹಕ್ಕೆಂದು ಮಾಡಿದ ಕೆಲವು ಹೊಸ ಮಾತ್ರೆಗಳು ಹೃದಯದ ಸೋಲನ್ನೂ ತಗ್ಗಿಸುತ್ತವೆಂದು ೨೦೧೫ರಿಂದೀಚೆಗೆ ದೊಡ್ಡ ಪ್ರಯೋಗಗಳಲ್ಲಿ ಸಿದ್ಧವಾಗಿದೆ. ಅವುಗಳನ್ನು ವೈದ್ಯರೇ ಕೊಡಬೇಕು. ನೆರೆಮನೆಯವರ ಚೀಟಿ ನೋಡಿ ತರುವಂಥವಲ್ಲ.

ಈಗ ನಾವು ಈ ಭಾಷಣದಲ್ಲಿ ಮುಖ್ಯವಾಗಿ ಹೇಳಬೇಕೆಂದು ಬಂದ ಸಂಗತಿಗೆ ಬರುತ್ತೇವೆ. ಹೃದ್ರೋಗದ ಬೀಜವು ಯಾವಾಗ ಬೀಳುತ್ತದೆ? ನಡುವಯಸ್ಸಿನಲ್ಲಿ ಎಂದು ಎಲ್ಲರೂ ತಿಳಿದಿದ್ದರು. ಹಾಗಲ್ಲವೆಂಬುದಕ್ಕೆ ಸಾಕ್ಷ್ಯವು ನಮ್ಮ ಕನ್ನಡನಾಡಿನ ಮೈಸೂರಿನಿಂದಲೇ ದೊರೆಯಿತು.

ಮೈಸೂರಿನಲ್ಲಿ ೧೯೦೬ರಲ್ಲಿ ಸ್ಥಾಪಿತವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿದೆ. ಊರಿನವರು ಅದನ್ನು ಮಿಷನ್ ಆಸ್ಪತ್ರೆಯೆಂದು ಕರೆಯುತ್ತಾರೆ. ಅಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ, ಜೊತೆಗೆ ತಾಯಿಯ ತೂಕ, ಇವನ್ನು ದಾದಿಯರು ಪುಸ್ತಕದಲ್ಲಿ ಬರೆದಿಟ್ಟ ದಾಖಲೆಗಳು ಉಳಿದಿದ್ದವು. ಬರೆದವರಿಗೆ ಇದರಿಂದ ಮುಂದೇನಾದೀತೆಂಬ ಅರಿವು ಇದ್ದಿರಲಾರದು. ರಾತ್ರಿಯ ಹೊತ್ತಿನಲ್ಲಿ ಹೆರಿಗೆ ಮುಗಿಸಿ, ತಕ್ಕಡಿಯಲ್ಲಿ ಕೂಸನ್ನಿಟ್ಟು, ಅಂಕಿಯನ್ನು ಬರೆದು, ಮುಂದಿನ ಹಾಸಿಗೆಗೆ ಹೋದವರು ಅವರು.

ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಎಂಬ ವೈದ್ಯವಿಜ್ಞಾನಿಯು ಹರ್ಟ್‌ಫರ್ಡ್‌ಶೈರಿನ ಸೂಲಗಿತ್ತಿಯರು ಬರೆದಿಟ್ಟ ಪುಸ್ತಕಗಳನ್ನು ಹಿಡಿದು, ಹುಟ್ಟುವಾಗ ಸಣ್ಣಗಿದ್ದ ಕೂಸುಗಳು ದೊಡ್ಡವರಾದ ಮೇಲೆ ಹೃದ್ರೋಗದಿಂದ ಹೆಚ್ಚಾಗಿ ಸಾಯುತ್ತಾರೆಂದು ೧೯೮೯ರಲ್ಲಿ ತೋರಿಸಿದ್ದನು. ಅದು ಹಿಂದೂಸ್ಥಾನದಲ್ಲಿಯೂ ನಿಜವೇ ಎಂದು ನೋಡುವುದಕ್ಕೆ ಡಾ. ಕ್ಯಾರೊಲೈನ್ ಫಾಲ್, ಡಾ. ಕುಮಾರನ್ ಮುಂತಾದವರು ಮೈಸೂರಿನ ಪುಸ್ತಕಗಳನ್ನು ತೆರೆದರು. ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆಗೆ ಹೋಗಿ, ಅಲ್ಲಿ ಹುಟ್ಟಿ ಅಲ್ಲಿಯೇ ನೆಲೆಸಿದವರನ್ನು ಹುಡುಕಿದರು. ೧೯೩೪ರಿಂದ ೧೯೫೪ರವರೆಗೆ ಹುಟ್ಟಿದ ೫೧೭ ಜನ ಗಂಡಸರು ಹೆಂಗಸರನ್ನು ಪರೀಕ್ಷಿಸಿ, ಫಲವನ್ನು ೧೯೯೬ರಲ್ಲಿ ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಹುಟ್ಟುವಾಗ ಐದೂವರೆ ಪೌಂಡು, ಅಂದರೆ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ ೧೧ ಜನರಿಗೆ ಹೃದಯದ ರಕ್ತನಾಳಗಳ ರೋಗವಿತ್ತು. ಏಳು ಪೌಂಡಿನ ಮೇಲಿದ್ದವರಲ್ಲಿ ನೂರಕ್ಕೆ ೩ ಮಾತ್ರ. ಎರಡೂವರೆ ಕಿಲೋ ಮೀರದೆ ಹುಟ್ಟಿ, ಬಸಿರಿನಲ್ಲಿ ೪೫ ಕಿಲೋವನ್ನೂ ಮುಟ್ಟದಿದ್ದ ತಾಯಂದಿರ ಮಕ್ಕಳಾಗಿದ್ದವರಲ್ಲಿಯಾದರೋ ನೂರಕ್ಕೆ ೨೦.

ಸಂಖ್ಯೆಗಳು ಸಣ್ಣವು, ಒಂದು ಊರಿನ ಅಭ್ಯಾಸದ ಮೇಲೆ ಕಟ್ಟಳೆ ಬರೆಯಬಾರದೆಂದು ಗಣಿತದ ಮೇಷ್ಟರು ಹೇಳಿಯಾರು, ಅದು ಸರಿಯೂ ಹೌದು. ಸಣ್ಣಗೆ ಹುಟ್ಟಿದವರೆಲ್ಲರಿಗೂ ರೋಗ ಬರುವುದೆಂದು ಇದರ ಅರ್ಥವಲ್ಲ. ಆದರೆ ಬೇರೆ ಬೇರೆ ದೇಶಗಳಲ್ಲಿಯೂ ಇದೇ ದಿಕ್ಕಿನ ಫಲಗಳು ಬಂದಿವೆ.

ಅದೇ ಆಸ್ಪತ್ರೆಯಲ್ಲಿ ೧೯೯೭–೯೮ರಲ್ಲಿ ಬಸುರಿಯರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿ ಅವರ ಮಕ್ಕಳನ್ನು ವರ್ಷವರ್ಷವೂ ನೋಡುತ್ತ ಬಂದರು. ಪರೀಕ್ಷೆಗೊಳಗಾದವರಲ್ಲಿ ನೂರಕ್ಕೆ ಆರು ಮಂದಿಗೆ ಬಸಿರಿನ ಮಧುಮೇಹವಿತ್ತು. ಅಂಥ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಚರ್ಮದಡಿಯ ಕೊಬ್ಬು ಹೆಚ್ಚು, ರಕ್ತದಲ್ಲಿ ಇನ್ಸುಲಿನ್ ಹೆಚ್ಚು; ಒಂಬತ್ತೂವರೆಗೆ ಅದು ಇನ್ನೂ ಎದ್ದುಕಂಡಿತು. ಡಾ. ಕೃಷ್ಣವೇಣಿಯವರು ಈ ಕಾರ್ಯದಲ್ಲಿ ಪ್ರಮುಖರು. ಕೂಸು ತೀರ ಸಣ್ಣಗಾದರೂ ಕೇಡು, ತಾಯಿಯ ಸಕ್ಕರೆ ಏರಿದರೂ ಕೇಡು ಎಂದಾಯಿತು.

ಇದನ್ನೆಲ್ಲ ಶಾಲೆಯ ಸಭೆಯಲ್ಲಿ ಏಕೆ ಹೇಳುತ್ತಿದ್ದೇವೆಂದು ಕೆಲವರು ಆಲೋಚಿಸುತ್ತಿರಬಹುದು. ಪೋಷಕರೇ, ಪ್ರತಿ ವರ್ಷ ಬೇಸಗೆಯ ರಜೆ ಮುಗಿದು ಶಾಲೆ ತೆರೆದಾಗ ಎಂಟು, ಒಂಬತ್ತನೆಯ ತರಗತಿಯ ಸಾಲಿನಲ್ಲಿ ಒಂದೆರಡು ಹೆಣ್ಣುಮಕ್ಕಳ ಜಾಗ ಬರಿದಾಗಿರುತ್ತದೆ. ಕೇಳಿದರೆ ಸಂಬಂಧ ಕೂಡಿಬಂತು ಎನ್ನುತ್ತಾರೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿಗೆ ವಿರುದ್ಧವೆಂಬುದು ಹಾಗಿರಲಿ. ಆ ಹುಡುಗಿಯರ ತೂಕವನ್ನು ನಾವು ಬಲ್ಲೆವು. ಶಾಲೆಯ ತಕ್ಕಡಿಯಲ್ಲಿ ನಾವೇ ತೂಗಿಸಿದ್ದೇವೆ. ಮೂವತ್ತೆಂಟು, ನಲವತ್ತು ಕಿಲೋ. ಇನ್ನೂ ಬೆಳೆಯುತ್ತಿರುವ ಮೈಯೊಳಗೆ ಇನ್ನೊಂದು ಮೈ ಬೆಳೆಯಬೇಕು. ಮೈಸೂರಿನ ಪುಸ್ತಕದಲ್ಲಿ ೪೫ ಕಿಲೋದ ಗೆರೆಯ ಕೆಳಗಿದ್ದ ತಾಯಂದಿರು ಇಂಥವರೇ ಅಲ್ಲವೆ? ಹುಡುಗಿಯನ್ನು ಮೂರು ವರ್ಷ ಹೆಚ್ಚು ಓದಿಸಿ, ಅವಳ ತಟ್ಟೆಗೆ ರೊಟ್ಟಿಯ ಜೊತೆಗೆ ಬೇಳೆ, ಶೇಂಗಾ, ಸೊಪ್ಪು, ಸಾಧ್ಯವಾದರೆ ಹಾಲು ಮೊಟ್ಟೆಗಳನ್ನು ಗಂಡುಮಗನಷ್ಟೇ ಬಡಿಸಿದರೆ, ಐವತ್ತು ವರ್ಷ ಕಳೆದ ಮೇಲೆ ಮೊಮ್ಮಗನ ಹೃದಯಕ್ಕೂ ಅದರ ಫಲ ಮುಟ್ಟಬಹುದು. ಶಾಲೆಯ ಹಾಜರಿ ಪುಸ್ತಕಕ್ಕೂ ಹೃದ್ರೋಗಕ್ಕೂ ಇರುವ ನಂಟು ಇದು.

ಮಾಡಬೇಕಾದ ಕೆಲಸಗಳು ಬಹಳವಿಲ್ಲ. ಬಸಿರು ನಿಂತಿತೆಂದು ತಿಳಿದೊಡನೆ ಒಂದು ಸಲ, ಇಪ್ಪತ್ತನಾಲ್ಕರಿಂದ ಇಪ್ಪತ್ತೆಂಟನೆಯ ವಾರದಲ್ಲಿ ಇನ್ನೊಂದು ಸಲ, ೭೫ ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ತರುವಾಯ ರಕ್ತ ನೋಡಬೇಕೆಂಬುದು ಭಾರತ ಸರ್ಕಾರದ ಮಾರ್ಗಸೂಚಿ. ೧೪೦ರ ಅಂಕಿ ಮುಟ್ಟಿದರೆ ಮಧುಮೇಹವೆಂದು ಎಣಿಸಿ ಪಥ್ಯ, ಚಿಕಿತ್ಸೆ ಆರಂಭಿಸುತ್ತಾರೆ. ಇದಕ್ಕೆ ಬರಿಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ಮೊದಲಿನಿಂದಲೇ ಸಕ್ಕರೆ ಬೇನೆಯಿರುವ ಹೆಂಗಸು ಬಸಿರಾಗುವುದಕ್ಕೆ ಮುಂಚೆಯೇ ಅದನ್ನು ಹತೋಟಿಗೆ ತರಬೇಕು. ಕೂಸಿನ ಅಂಗಾಂಗಗಳು ಮೊದಲ ಎಂಟು ವಾರಗಳಲ್ಲಿಯೇ ರೂಪುಗೊಳ್ಳುವುದರಿಂದ ಆಮೇಲೆ ಎಚ್ಚೆತ್ತರೆ ತಡವಾಗುತ್ತದೆ. ೨೦೨೪ರಲ್ಲಿ ನಾರಾಯಣಪೇಟೆಗೂ ಗದ್ವಾಲಕ್ಕೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಬಂದಿವೆ. ಹೈದರಾಬಾದಿಗೇ ಓಡಬೇಕಾಗಿದ್ದ ಕಾಲವು ಹೋಗುತ್ತಿದೆ.

ಗಡಿಯವರಾದ ನಮಗೆ ಒಂದು ವಿಶೇಷ ತೊಡಕುಂಟು. ೧೯೫೬ರ ನವೆಂಬರ್ ೧ರಂದು ಗದ್ವಾಲವು ರಾಯಚೂರು ಜಿಲ್ಲೆಯಿಂದ ಬೇರೆಯಾಗಿ ಆಂಧ್ರಪ್ರದೇಶಕ್ಕೆ ಹೋಯಿತು. ಬೀಗತನಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ಮಕ್ತಲ್ ಕಡೆಯ ಸೊಸೆಯ ತವರು ಕೃಷ್ಣೆಯ ಆಚೆಗಿನ ರಾಯಚೂರಿನಲ್ಲಿಯೋ, ನಾರಾಯಣಪೇಟೆಯವಳದು ಯಾದಗಿರಿಯ ಕಡೆಯಲ್ಲಿಯೋ ಇರುತ್ತದೆ. ಮೊದಲ ಆರು ತಿಂಗಳು ಇಲ್ಲಿ ತೋರಿಸಿ, ಹೆರಿಗೆಗೆ ತವರಿಗೆ ಹೋಗುತ್ತಾಳೆ. ಇಲ್ಲಿಯ ಕಾಗದ ತೆಲುಗಿನಲ್ಲಿ, ಅಲ್ಲಿಯದು ಕನ್ನಡದಲ್ಲಿ. ಎಷ್ಟೋ ಸಲ ಇಲ್ಲಿಯದು ಟ್ರಂಕಿನಲ್ಲಿಯೇ ಉಳಿಯುತ್ತದೆ. ಆರು ತಿಂಗಳಲ್ಲಿ ಕಂಡ ಸಕ್ಕರೆಯು ಒಂಬತ್ತನೆಯ ತಿಂಗಳ ವೈದ್ಯರಿಗೆ ಗೊತ್ತೇ ಆಗದು. ನಮ್ಮ ಮಕ್ಕಳಾದರೋ ಎರಡು ಲಿಪಿಗಳನ್ನೂ ಇಂಗ್ಲಿಷನ್ನೂ ಓದಬಲ್ಲವರು. ಅತ್ತಿಗೆಯದೋ ಅಕ್ಕನದೋ ತಾಯಿ ಕಾರ್ಡನ್ನು ಓದಿ, ತೂಕ, ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್, ಹಿಂದೆ ಗರ್ಭಸ್ರಾವವಾಗಿದ್ದರೆ ಅದರ ತಿಂಗಳು, ಇವನ್ನು ಒಂದು ಹಾಳೆಯಲ್ಲಿ ಇಂಗ್ಲಿಷ್ ಅಂಕಿಗಳಲ್ಲಿ ಬರೆದು ಆಕೆಯ ಚೀಲದಲ್ಲಿಡುವುದು ಒಂಬತ್ತನೆಯ ತರಗತಿಯ ಹುಡುಗಿಗಾಗಲಿ ಹುಡುಗನಿಗಾಗಲಿ ಕಷ್ಟವಲ್ಲ.

ಬರುವ ಜೂನಿನಿಂದ ಶಾಲೆಯಲ್ಲಿ ಒಂದು ದಪ್ಪ ನೋಂದಣಿ ಪುಸ್ತಕವನ್ನು ತೆರೆಯಲು ಆಡಳಿತ ಮಂಡಲಿಯು ಒಪ್ಪಿದೆ. ಆರನೆಯ ತರಗತಿಯಿಂದ ಮೇಲ್ಪಟ್ಟ ಪ್ರತಿಯೊಬ್ಬ ವಿದ್ಯಾರ್ಥಿಯ ತೂಕ, ಎತ್ತರಗಳನ್ನು ವರ್ಷಕ್ಕೆ ಎರಡು ಸಲ ಅದರಲ್ಲಿ ಬರೆಯಲಾಗುವುದು. ಹುಟ್ಟಿದಾಗಿನ ತೂಕಕ್ಕೆ ಒಂದು ಅಂಕಣವಿರುತ್ತದೆ. ತಾಯಂದಿರು ನೆನಪಿನಿಂದ ಹೇಳಬಹುದು, ಆಸ್ಪತ್ರೆಯ ಚೀಟಿಯಿದ್ದರೆ ಇನ್ನೂ ಒಳ್ಳೆಯದು. ಪುಸ್ತಕವು ವಿಜ್ಞಾನ ಶಿಕ್ಷಕರ ಬೀರುವಿನಲ್ಲಿ ಬೀಗದೊಳಗಿರುತ್ತದೆ. ಒಬ್ಬರ ಅಂಕಿಯನ್ನು ಇನ್ನೊಬ್ಬರಿಗೆ ತೋರಿಸತಕ್ಕದ್ದಲ್ಲ. ತಕ್ಕಡಿಯು ಹಳೆಯದಾಗಿ ಅರ್ಧ ಕಿಲೋ ಹೆಚ್ಚು ತೋರಿಸುತ್ತಿರುವುದರಿಂದ ಹೊಸದೊಂದನ್ನು ಕೊಡಿಸಲು ಇಚ್ಛಿಸುವ ಮಹನೀಯರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳನ್ನು ಕಾಣಬೇಕೆಂದು ಕೋರುತ್ತೇವೆ.